ಬೆಳಕಿಂಡಿಯ ಋಣ

ಮಣ್ಣಿನ ಮಾಳಿಗೆಯ ಮನೆಯೊಳಗೆ, ನೆತ್ತಿಯ ಬೆಳಕಿಂಡಿಯಿಂದ ಇಳಿದ ಬಿಸಿಲಕೋಲು ಕುಣಿಮಗ್ಗದ ಹಾಸಿನ ಮೇಲೆ ಬಿದ್ದು, ಅಲ್ಲಿಂದ ಹೊರಳಿ ನೇಕಾರನ ಹುಬ್ಬು ಗಲ್ಲಗಳನ್ನು ಮೆಲ್ಲನೆ ಬೆಳಗುವ ಪರಿಯನ್ನು ಗದಗ ಸೀಮೆಯ ಶಿಗ್ಲಿಯಲ್ಲಿ ಒಮ್ಮೆ ಕಂಡವನಿಗೆ, ಪಟ್ಟಣದ ಸ್ಟುಡಿಯೋಗಳಲ್ಲಿ ಸಾವಿರಾರು ರೂಪಾಯಿ ತೆತ್ತು ನಿಲ್ಲಿಸಿದ ದೀಪಗಳು ತೀರ ಬಡವಾಗಿ ತೋರುವುದು ಸಹಜವೇ ಸರಿ.

ಛಾಯಾಗ್ರಹಣವು ನನಗೆ ಜೀವನೋಪಾಯವಲ್ಲ. ಮಾಸ್ತರಿಕೆಯ ಬಿಡುವಿನಲ್ಲಿ ಅಂಟಿಕೊಂಡ ಹವ್ಯಾಸ. (ಹವ್ಯಾಸವಲ್ಲ, ವ್ಯಸನವೆಂದು ಮನೆಯವರ ತೀರ್ಮಾನ.) ಚಿತ್ರಕಾರನು ಬಣ್ಣವನ್ನು ಕಲಸಿಕೊಳ್ಳುವನು, ಶಿಲ್ಪಿಯು ಕಲ್ಲನ್ನು ಕಡೆಯುವನು, ಕ್ಯಾಮರಾ ಹಿಡಿದವನಿಗಾದರೋ ಬಿಸಿಲೂ ತನ್ನದಲ್ಲ, ಎದುರಿಗಿನ ಮುಖವೂ ತನ್ನದಲ್ಲ, ಬೆಳಕು ತಾಗಿದೆಡೆಯಲ್ಲಿ ಕಪ್ಪಾಗಲು ಅಣಿಯಾಗುವ ಬೆಳ್ಳಿಯ ಲವಣದ ಗುಣವಂತೂ ಸೃಷ್ಟಿಯಲ್ಲಿಯೇ ಇಟ್ಟದ್ದು. ಒಳ್ಳೆಯವನು ಕೆಟ್ಟವನೆಂದು ಎಣಿಸದೆ ಹಗಲನ್ನು ಹಂಚುವ ದೇವರ ಔದಾರ್ಯವನ್ನು ಕ್ರಿಸ್ತನು ಗುಡ್ಡದ ಮೇಲೆ ಕುಳಿತು ನೆನಪಿಸಿದನಷ್ಟೆ. ಆ ಔದಾರ್ಯದ ಅರ್ಥವು ದೇವಾಲಯದ ಪೀಠದ ಮುಂದೆ ತಿಳಿದುದಕ್ಕಿಂತ ಹೆಚ್ಚಾಗಿ ನನಗೆ ಮಗ್ಗದ ಕುಣಿಯ ಅಂಚಿನಲ್ಲಿ ತಿಳಿದಿದೆ.

ಮೊದಲು ಕೈಗೆ ಬಂದದ್ದು ಬರೋಡೆಯಲ್ಲಿ ತಯಾರಾಗುತ್ತಿದ್ದ ಅಗ್ಫಾ ಕ್ಲಿಕ್. ಒಂದು ಸುರುಳಿಗೆ 12 ಚಿತ್ರಗಳು, ಅಷ್ಟೆ. ಆದಕಾರಣ ಗುಂಡಿ ಒತ್ತುವ ಮುನ್ನ ಒಂದರೆಗಳಿಗೆ ಸುಮ್ಮನಿರುವುದು, ಊಟಕ್ಕೆ ಮೊದಲಿನ ಪ್ರಾರ್ಥನೆಯಂತೆ, ತಾನಾಗಿ ರೂಢಿಯಾಯಿತು. ಮುಂದೆ ದೊರೆತ ಕ್ಯಾಮರಾದಿಂದ ಸೆಕೆಂಡಿನ 15ರಲ್ಲೊಂದು ಪಾಲು ಬೆಳಕನ್ನು ಬಿಟ್ಟುಕೊಂಡಾಗ, ಓಡುವ ಲಾಳಿಯು ಬರಿಯ ಬಿಳಿಗೆರೆಯಾಗಿಯೂ, ಹಣಿಗೆ ಬಡಿದು ಕ್ಷಣಮಾತ್ರ ನಿಂತ ಕೈಯು ನರನರವೂ ಸ್ಪಷ್ಟವಾಗಿಯೂ ಮೂಡಿದವು. ಆ ಕ್ಷಣವನ್ನು ಆರಿಸಿದವನು ನಾನೆಂದು ಬೀಗಲು ಎಡೆಯಿಲ್ಲ. ತಾಳ ನೇಕಾರನದು, ನಾನು ಅದಕ್ಕೆ ಹೊಂದಿಕೊಂಡವನು.

ನಮ್ಮ ಸೀಮೆಗೆ ಈ ವಿದ್ಯೆ ಬಹು ಬೇಗನೆ ಬಂದಿತು. ವೈದ್ಯನಾದ ಪಿಗೂ, ನೀಲ್, ಕರ್ನಲ್ ಬಿಗ್ಸ್ ಇವರು ತೆಗೆದ ಧಾರವಾಡ ಮೈಸೂರು ಸೀಮೆಗಳ ದೇಗುಲಗಳ ಚಿತ್ರಗಳು 1866ರಲ್ಲಿಯೇ ಲಂಡನ್ನಿನಲ್ಲಿ ಗ್ರಂಥವಾಗಿ ಅಚ್ಚಾದವು. ನೇಕಾರರ ಊರಾದ ಬೆಟಗೇರಿಯಲ್ಲಿ 1841ರಲ್ಲಿ ನೆಲೆಯೂರಿದ ಬಾಸೆಲ್ ಮಿಶನ್ನಿನವರೂ ಕನ್ನಡ ನಾಡಿನ ಜನಜೀವನದ ಚಿತ್ರಗಳನ್ನು ಸಂಗ್ರಹಿಸಿ, ಇಂದಿಗೂ ಸ್ವಿಟ್ಜರ್ಲೆಂಡಿನ ತಮ್ಮ ದಫ್ತರದಲ್ಲಿ ಜೋಪಾನವಾಗಿ ಇಟ್ಟಿರುವರು. ಅವರಿಗೆ ನಾವು ಕೃತಜ್ಞರೇ. ಆದರೂ ಆ ಹಳೆಯ ಚಿತ್ರಗಳಲ್ಲಿ ಎಷ್ಟೋ ಕಡೆ ಕಸುಬಿನ ಹೆಸರಿದೆ, ಜಾತಿಯ ಹೆಸರಿದೆ, ನಿಂತ ಮನುಷ್ಯನ ಹೆಸರು ಮಾತ್ರ ಇಲ್ಲವೆಂಬುದು ನನಗೆ ನುಂಗಲಾರದ ತುತ್ತು.

ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ನಮ್ಮ ಸೀಮೆಯ ಮಾಗಡಿಯ ಕೆರೆಗೆ ಬಂದಿಳಿಯುವ ಪಟ್ಟೆತಲೆ ಹೆಬ್ಬಾತುಗಳನ್ನೂ ನಾನು ದೂರದಿಂದ ತೆಗೆದಿದ್ದೇನೆ. 2024ರಲ್ಲಿ ಆ ಕೆರೆಗೆ ರಾಮ್ಸಾರ್ ಎಂಬ ಅಂತರರಾಷ್ಟ್ರೀಯ ಜೌಗುಭೂಮಿ ಮನ್ನಣೆ ದೊರೆತ ಮೇಲೆ ಅಲ್ಲಿ ಉದ್ದ ಲೆನ್ಸುಗಳ ಸಂತೆಯೇ ನೆರೆಯುವುದುಂಟು. ಹಕ್ಕಿ ತನ್ನ ಚಿತ್ರವನ್ನು ಕೇಳುವುದಿಲ್ಲ. ಮನುಷ್ಯರ ಮಾತು ಬೇರೆ. ಕಂಡಿಕೆ ಸುತ್ತುತ್ತಿದ್ದ ಅಜ್ಜಿಯೊಬ್ಬಳು, "ನಮ್ಮ ಮಾರೀದೇನ್ ತೆಗೀತೀರ್ರೀ ಸರ, ಸೀರೀದು ತೆಗೀರಿ, ಮಾರಾಕರ ಬರ್ತೈತಿ" ಎಂದು ನಕ್ಕಳು. ನಾನು ಎರಡನ್ನೂ ತೆಗೆದು, ಗದಗದಲ್ಲಿ ಪ್ರತಿ ಮಾಡಿಸಿ ಒಯ್ದು ಕೊಟ್ಟಾಗ, ಸೀರೆಯ ಚಿತ್ರವನ್ನು ಮಗನ ಕೈಗಿತ್ತು, ತನ್ನದನ್ನು ಸೆರಗಿನಲ್ಲಿ ಒರೆಸಿ ದೇವರ ಮಾಡದಲ್ಲಿರಿಸಿದಳು.

ವಾಚಕ ಮಹಾಶಯರೇ, ನಿಮ್ಮ ಕಿಸೆಯ ಫೋನಿನಲ್ಲಿಯೂ ಹೀಗೆ ಪಡೆದ ಮುಖಗಳು ಅನೇಕವಿರಬಹುದು. ಒಂದನ್ನಾದರೂ ಕಾಗದಕ್ಕಿಳಿಸಿ, ಹಿಂಬದಿಯಲ್ಲಿ ಹೆಸರನ್ನೂ ಇಸವಿಯನ್ನೂ ಬರೆದು, ಅವರ ಮನೆಗೆ ಮುಟ್ಟಿಸಿರಿ.