ಅಟ್ಟದ ಮೇಲಿನ ದಫ್

ಬೇರೆಯವರ ಮದುವೆಗೆ ಹಿತ್ತಾಳೆಯ ಬ್ಯಾಂಡ್ ಇದ್ದಂತೆ ನಮ್ಮ ಬ್ಯಾರಿಗಳಿಗೆ ದಫ್. ಉಪ್ಪಳ ಸಮೀಪದ ನಮ್ಮೂರಿನಲ್ಲೂ ಒಂದು ತಂಡ ಇತ್ತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರುವ ಮೊದಲೇ ಅಜ್ಜ ಅದರಲ್ಲಿ ಬಾರಿಸುತ್ತಿದ್ದರಂತೆ. ಮದುಮಗನ ದಿಬ್ಬಣಕ್ಕೆ, ಮೀಲಾದ್ ಮೆರವಣಿಗೆಗೆ, ರಾತೀಬಿಗೆ ಆ ತಂಡವೇ ಬೇಕು. ಎಂಟು ದಫ್‌ಗಳೂ ಉಪ್ಪನ ದಿನಸಿ ಅಂಗಡಿಯ ಅಟ್ಟದಲ್ಲಿರುತ್ತಿದ್ದವು.

ಮರದ ಬಳೆಗೆ ಬಿಗಿದ ಆಡಿನ ಚರ್ಮ ಅದು. ಗಾಳಿಯ ತೇವ ಹೀರಿದರೆ ಚರ್ಮ ಸಡಿಲಗೊಂಡು ಸದ್ದು ಮಂದವಾಗುತ್ತದೆ. ಬೆಂಕಿಯ ಶಾಖಕ್ಕೆ ಹಿಡಿದರೆ ತೇವ ಆರಿ ಮತ್ತೆ ಬಿಗಿಯುತ್ತದೆ. ಇದನ್ನು ನಾನು ಮೆಕ್ಯಾನಿಕಲ್ ಡಿಪ್ಲೊಮಾಕ್ಕೆ ಸೇರುವ ಎಷ್ಟೋ ಮೊದಲು ತೆಂಗಿನ ಗರಿಯ ಬೆಂಕಿಯ ಮುಂದೆ ಕಲಿತೆ. ದಫ್ ಕಾಯುವ ಆ ಅರ್ಧ ಗಂಟೆಯಲ್ಲೇ ಹಿರಿಯರು ನಮಗೆ ಬೈತ್ ಹೇಳಿಕೊಡುತ್ತಿದ್ದದ್ದು. ಬೇರೆ ತರಗತಿ ಅಂತ ಇರಲಿಲ್ಲ.

ಆಮೇಲೆ ಒಬ್ಬೊಬ್ಬರೇ ದುಬೈ, ಶಾರ್ಜಾ ಅಂತ ಹೊರಟರು. ಹಾಡುವವರಿದ್ದರೆ ಬಾರಿಸುವವರಿಲ್ಲ. ತಂಡ ನಿಂತಿತು.

ಈಗ ಕೇರಳದ ಶಾಲಾ ಕಲೋತ್ಸವದಲ್ಲಿ ದಫ್‌ಮುಟ್ಟ್ ಒಂದು ಸ್ಪರ್ಧೆ. ನಮ್ಮ ಮಕ್ಕಳು ಚೆನ್ನಾಗಿಯೇ ಬಾರಿಸುತ್ತಾರೆ. ಅವರ ದಫ್ ಫೈಬರ್ ಹಾಳೆಯದ್ದು. ಬೋಲ್ಟ್ ತಿರುಗಿಸಿದರೆ ಸಾಕು, ಬೆಂಕಿ ಬೇಡ. ಅದರಲ್ಲಿ ತಪ್ಪೇನಿಲ್ಲ. ಆದರೆ ಬಹುಮಾನ ಬಂದ ಮೇಲೆ, ಶಾಲೆ ಮುಗಿದ ಮೇಲೆ, ಅವರು ಬಾರಿಸುವುದೆಲ್ಲಿ?

ನನ್ನದೊಂದು ಕೋರಿಕೆ. ಮನೆಯ ಮುಂದಿನ ಮದುವೆಗೆ ಬ್ಯಾಂಡ್ ಸೆಟ್‌ಗೆ ಹೇಳುವ ಮೊದಲು ಆ ಮಕ್ಕಳನ್ನು ಕರೆಯಿರಿ. ಬೈತ್ ಬಲ್ಲ ಹಿರಿಯರೊಬ್ಬರನ್ನು ಅವರ ಪಕ್ಕ ಕೂರಿಸಿ. ನಮ್ಮ ಅಟ್ಟದಲ್ಲಿ ಇನ್ನೂ ಮೂರು ದಫ್ ಇವೆ. ಬೆಂಕಿ ನಾನು ಹಾಕುತ್ತೇನೆ.