ಮೊತ್ತ ತಪ್ಪಿದ ದಿನ

ತಿಪಟೂರಿನಲ್ಲಿ ಗೆಳೆಯನ ಕೊಬ್ಬರಿ ಮಂಡಿ ಇದೆ. ಅಲ್ಲಿನ ಲೆಕ್ಕದ ಪ್ರೋಗ್ರಾಂ ಹಳೆಯದು, ಸಿ ಭಾಷೆಯದು. ಒಂದೊಂದು ಲಾಟಿಗೂ ಒಂದು ಸ್ಟ್ರಕ್ಟ್: ತಾರೀಖು, ತೂಕ, ಮೊತ್ತ ಒಟ್ಟಿಗೆ ಇಟ್ಟ ಪೆಟ್ಟಿಗೆ ಅನ್ನಿ. ನನಗೆ ಬರುವುದು ಪೈಥಾನ್. ಸರಾಸರಿ ಧಾರಣೆ ತೆಗೆಯೋಣ ಅಂತ ಎರಡರ ನಡುವೆ ನಾನೇ ಒಂದು ಎಕ್ಸ್‌ಟೆನ್ಷನ್ ಬರೆದೆ.

ಅದರಲ್ಲಿ ಒಂದು ಪಟ್ಟಿ ಕೊಡಬೇಕು. ಪ್ರತಿ ಅಂಕಣದ ಹೆಸರು, ಅದು ಎಷ್ಟನೇ ಬೈಟಿನಿಂದ ಶುರು, ಯಾವ ಬಗೆ. ಪೈಥಾನ್ ಪರೀಕ್ಷೆ ಮಾಡುವುದಿಲ್ಲ, ಬರೆದದ್ದನ್ನು ನಂಬುತ್ತದೆ. ಮೊತ್ತ ನಾಲ್ಕು ಬೈಟಿನ 'ಇಂಟ್'. ನಾನು ಬರೆದದ್ದು ಎರಡು ಬೈಟಿನ 'ಶಾರ್ಟ್'. ಅದರಲ್ಲಿ 32,767ಕ್ಕಿಂತ ದೊಡ್ಡದು ಹಿಡಿಸುವುದಿಲ್ಲ.

1 ಕ್ವಿಂಟಲಿನ 26,000 ಸರಿಯಾಗೇ ಬಂತು. 3 ಕ್ವಿಂಟಲಿನ 78,000 ಮಾತ್ರ 12,464 ಆಗಿತ್ತು. ಎರರ್ ಇಲ್ಲ, ಎಚ್ಚರಿಕೆಯೂ ಇಲ್ಲ. ಅವತ್ತು ದೊಡ್ಡ ಲಾಟು ಕಡಿಮೆ. ಹಾಗಾಗಿ ಸರಾಸರಿ ನಂಬುವಷ್ಟೇ ಇಳಿದಿತ್ತು. ಸ್ಟೇಟಸ್‌ಗೆ ಹಾಕಿದೆ.

ತುರುವೇಕೆರೆಯಿಂದ ಸೋದರಮಾವನ ಫೋನು. "ಏನೋ, ರೇಟು ಬೀಳ್ತಾ ಐತಾ? ಅಟ್ಟ ಇಳಿಸ್ಬಿಡ್ಲಾ?"

ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ಉಂಡೆ ಕೊಬ್ಬರಿಯಾಗಲು ಕಾಯಿ ಹೆಚ್ಚುಕಡಿಮೆ ಒಂದು ವರ್ಷ ಅಟ್ಟದ ಮೇಲಿರಬೇಕು. ಎದೆ ಧಸಕ್ಕೆಂದಿತು.

"ತಡೀರಿ ಮಾವ, ಇನ್ನೊಂದ್ಸಲ ನೋಡ್ತೀನಿ."

ಮಂಡಿಯ ಪುಸ್ತಕ ಹಿಡಿದು ಒಂದೊಂದೇ ಲಾಟು ತಾಳೆ ನೋಡಿದೆ. 78,000ಕ್ಕೂ 12,464ಕ್ಕೂ ವ್ಯತ್ಯಾಸ 65,536. ಎರಡು ಬೈಟಿನಲ್ಲಿ ಬರೆಯಬಹುದಾದ ಬೇರೆ ಬೇರೆ ಅಂಕಿಗಳು ಅಷ್ಟೇ ಇರುವುದು. ಆಗ ಹೊಳೆಯಿತು. ಶಾರ್ಟ್ ಅಳಿಸಿ ಇಂಟ್ ಬರೆದು, ಸರಿಯಾದ ಧಾರಣೆ ಹಾಕಿ ಮಾವನಿಗೆ ಫೋನ್ ಮಾಡಿದೆ.

ಅಷ್ಟರಲ್ಲಿ ಅವರು ಆಳು ಕರೆಸಿ ಕಾಯಿ ಸುಲಿಸೋಕೆ ಶುರು ಮಾಡಿಸಿದ್ದರು.