ಪ್ಯಾರಾಚೂಟಿನ ರೇಷ್ಮೆ ಮತ್ತು ನಾವು ಬರೆದ ತಪ್ಪು

ಕಳೆದ ವರ್ಷ ಆಗಸ್ಟ್ 15ಕ್ಕೆ ಮೊದಲು ನಾವೊಂದು ಪುಟ್ಟ ಬರಹ ಬರೆದಿದ್ದೆವು. 'ನಾರ್ಮಂಡಿಯ ಆಕಾಶದಲ್ಲಿ ಶಿಡ್ಲಘಟ್ಟದ ರೇಷ್ಮೆ' ಅಂತ ಹೆಡ್ಡಿಂಗು. ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಇಳಿದ ಸೈನಿಕರ ಪ್ಯಾರಾಚೂಟು ನಮ್ಮ ತಾಲ್ಲೂಕಿನ ನೂಲಿನದ್ದು ಎಂಬುದು ಅದರ ತಿರುಳು. ಯಾರೋ ಹೇಳಿದ್ದು ಕಿವಿಗೆ ಬಿದ್ದಿತ್ತು, ಕೇಳೋಕೆ ಚೆನ್ನಾಗಿತ್ತು, ಬರೆದುಬಿಟ್ಟೆವು. ವಾಟ್ಸಾಪ್ ಗುಂಪುಗಳಲ್ಲಿ ಊರೂರು ಸುತ್ತಿತು. ಧ್ವಜ ಹಾರಿಸಿದ ದಿನ ಒಬ್ಬ ಹುಡುಗಿ ಅದನ್ನೇ ಭಾಷಣ ಮಾಡಿ ಪ್ರೈಜ್ ಕೂಡ ತಗೊಂಡಳು.

ಮಾರನೇ ದಿನ ದಿಬ್ಬೂರಹಳ್ಳಿಯ ಟೀ ಅಂಗಡಿಯಲ್ಲಿ ಒಬ್ಬ ತಾತ ನಮ್ಮನ್ನು ಹಿಡಿದುಕೊಂಡರು. ಜೀವಮಾನವೆಲ್ಲ ನೂಲು ಬಿಚ್ಚಿದವರು.

"ಏನಪ್ಪಾ ಪೇಪರ್‌ನೋನೇ, ನಮ್ಮಪ್ಪ ಚರಕ ತಿರುಗಿಸಿದೋರು. ಆ ನೂಲು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ, ಮಧ್ಯೆ ಗಂಟು. ಅದನ್ನ ನಂಬ್ಕೊಂಡು ಯಾರಪ್ಪಾ ಮೇಲಿಂದ ಹಾರಿದ್ದು? ನಿಂಗೆ ಯಾರು ಹೇಳಿದ್ರು?"

ನಮ್ಮ ಬಾಯಲ್ಲಿ ಉತ್ತರ ಇರಲಿಲ್ಲ. ಪತ್ರಿಕೋದ್ಯಮದ ಡಿಪ್ಲೊಮಾದಲ್ಲಿ ಮೊದಲು ಕಲಿಸಿದ ಪಾಠವೇ ಅದು: ಯಾರು ಹೇಳಿದರು, ಅವರಿಗೆ ಹೇಗೆ ಗೊತ್ತು? ಅದನ್ನು ನಮಗೆ ತಾತ ನೆನಪಿಸಬೇಕಾಯಿತು. ಅಲ್ಲಿಂದ ಓದಲು ಕೂತೆವು. ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ನಾರ್ಮಂಡಿಯ ದಾಳಿ ನಡೆದದ್ದು 1944ರ ಜೂನ್ 6ರಂದು. ಫ್ರಾನ್ಸ್ ಆಗ ಹಿಟ್ಲರನ ಕೈಯಲ್ಲಿತ್ತು. ಇಂಗ್ಲೆಂಡಿನಿಂದ ಸಮುದ್ರ ದಾಟಿ ಅಮೆರಿಕ, ಬ್ರಿಟನ್, ಕೆನಡಾದ ಸೇನೆಗಳು ಐದು ಕಡಲತೀರಗಳಲ್ಲಿ ಇಳಿದವು. ಮೊದಲ ದಿನವೇ ಸುಮಾರು 1,56,000 ಸೈನಿಕರು. ಅವರಲ್ಲಿ 23,000ಕ್ಕೂ ಹೆಚ್ಚು ಮಂದಿ ಪ್ಯಾರಾಚೂಟಿನಲ್ಲೋ ಗ್ಲೈಡರಿನಲ್ಲೋ ಆಕಾಶದಿಂದ ಇಳಿದವರು. ಹಡಗು, ದೋಣಿ ಎಲ್ಲ ಸೇರಿ ಸುಮಾರು 7,000. ನಮ್ಮ ಗೂಡಿನ ಮಾರುಕಟ್ಟೆಯಲ್ಲಿ ಒಂದು ದಿನದ ಹರಾಜು ಸುಸೂತ್ರವಾಗಿ ಮುಗಿಸುವುದೇ ಎಷ್ಟು ಕಷ್ಟ ಅಂತ ನೋಡಿದವರಿಗೆ ಈ ಲೆಕ್ಕ ಕೇಳಿದರೆ ತಲೆ ತಿರುಗುತ್ತದೆ.

ತಯಾರಿ ವರ್ಷಗಟ್ಟಲೆ ನಡೆಯಿತು. 1942ರಲ್ಲಿ ಬಿಬಿಸಿ ರೇಡಿಯೊ ಬ್ರಿಟನ್ನಿನ ಜನರನ್ನು ಕೇಳಿಕೊಂಡಿತು: ಯುದ್ಧಕ್ಕೆ ಮೊದಲು ಸಮುದ್ರತೀರದ ಪ್ರವಾಸ ಹೋಗಿದ್ದವರು ಅಲ್ಲಿ ತೆಗೆದ ಫೋಟೋ ಕಳಿಸಿ. ಲಕ್ಷಗಟ್ಟಲೆ ಫೋಟೋ ಬಂದವು. ಮಕ್ಕಳು ಮರಳಲ್ಲಿ ಆಡುವ ಚಿತ್ರದ ಹಿಂದೆ ಕಾಣುವ ಗೋಡೆ, ದಿಬ್ಬ, ಇಳಿಜಾರು ನೋಡಿ ಸೇನೆಯವರು ತೀರದ ಅಂದಾಜು ಮಾಡಿದರು. ಅದೇ ವರ್ಷ ಡಿಯಪ್ ಎಂಬ ಬಂದರಿನ ಮೇಲೆ ಮಾಡಿದ ದಾಳಿ ಸೋತಿತ್ತು. ಬಂದರನ್ನು ನೇರವಾಗಿ ಹಿಡಿಯುವುದು ಸುಲಭವಲ್ಲ ಎಂದು ಗೊತ್ತಾಗಿ, ಬಂದರನ್ನೇ ಕಟ್ಟಿಕೊಂಡು ಹೋದರು. ಕಾಂಕ್ರೀಟಿನ ದೊಡ್ಡ ದೊಡ್ಡ ಪೆಟ್ಟಿಗೆಗಳನ್ನು ಸಮುದ್ರದಲ್ಲಿ ಎಳೆದುಕೊಂಡು ಹೋಗಿ ಆಚೆ ದಡದಲ್ಲಿ ಜೋಡಿಸಿದರು. ದಾಳಿ ಬೇರೆ ಕಡೆ ಆಗುತ್ತದೆ ಎಂದು ಜರ್ಮನರು ನಂಬಲಿ ಅಂತ ಗಾಳಿ ತುಂಬಿದ ರಬ್ಬರ್ ಟ್ಯಾಂಕುಗಳನ್ನು ಸಾಲಾಗಿ ನಿಲ್ಲಿಸಿದರು.

ಇಷ್ಟಾದರೂ ತಪ್ಪುಗಳಾದವು. ಏಪ್ರಿಲಿನಲ್ಲಿ ಇಂಗ್ಲೆಂಡಿನ ತೀರದಲ್ಲೇ ತಾಲೀಮು ನಡೆಸುವಾಗ ಜರ್ಮನ್ ದೋಣಿಗಳು ನುಗ್ಗಿ 700ಕ್ಕೂ ಹೆಚ್ಚು ಅಮೆರಿಕನ್ನರು ಸತ್ತರು. ದಾಳಿಯ ರಾತ್ರಿ ಮೋಡಕ್ಕೂ ಗುಂಡಿಗೂ ಸಿಕ್ಕಿ ವಿಮಾನಗಳು ಚದುರಿದವು. ಪ್ಯಾರಾಚೂಟಿನವರು ಎಲ್ಲೆಲ್ಲೋ ಬಿದ್ದರು. ಜರ್ಮನರು ನೀರು ನಿಲ್ಲಿಸಿದ್ದ ಹೊಲಗಳಲ್ಲಿ ಬಿದ್ದು ಮುಳುಗಿದವರೂ ಇದ್ದರು.

ಈಗ ನಮ್ಮ ತಪ್ಪಿನ ವಿಚಾರ.

ಮೊದಮೊದಲು ಪ್ಯಾರಾಚೂಟು ರೇಷ್ಮೆಯದ್ದೇ. ಅಮೆರಿಕಕ್ಕೆ ಆ ರೇಷ್ಮೆ ಹೆಚ್ಚಾಗಿ ಬರುತ್ತಿದ್ದದ್ದು ಜಪಾನಿನಿಂದ. 1941ರಲ್ಲಿ ಜಪಾನಿನ ಜೊತೆಗೇ ಯುದ್ಧ ಶುರುವಾಯಿತು, ರೇಷ್ಮೆ ನಿಂತಿತು. ಅಮೆರಿಕನ್ನರು ನೈಲಾನಿಗೆ ತಿರುಗಿಕೊಂಡರು. ನಾರ್ಮಂಡಿಯ ಹೊತ್ತಿಗೆ ಅವರ ಪ್ಯಾರಾಚೂಟು ಬಹುಪಾಲು ನೈಲಾನಿನದ್ದು. ಯುದ್ಧದ ಕಾಲದಲ್ಲಿ ಮೈಸೂರು ಸೀಮೆಯ ರೇಷ್ಮೆಗೆ ಬೇಡಿಕೆ ಏರಿದ್ದು, ಪ್ಯಾರಾಚೂಟಿಗೆ ಅಂತಲೇ ನೂಲು ಕೇಳಿದ್ದು ನಿಜ. ಆದರೆ ಅದಕ್ಕೆ ಬೇಕಿದ್ದದ್ದು ಫಿಲೇಚರಿನ ಒಂದೇ ಸಮದ ನೂಲು, ಚರಕದ್ದಲ್ಲ. ತಾತ ಹೇಳಿದ್ದು ಸರಿ. ನಮ್ಮ ತಾಲ್ಲೂಕಿನ ನೂಲು ನಾರ್ಮಂಡಿಯಲ್ಲಿ ಇಳಿಯಿತು ಎನ್ನಲು ನಮ್ಮ ಹತ್ತಿರ ಒಂದು ಚೀಟಿಯೂ ಇರಲಿಲ್ಲ.

ನಮ್ಮ ದೇಶದ ಸೈನಿಕರು ಹೋರಾಡುತ್ತಿದ್ದ ಬರ್ಮಾದಲ್ಲಂತೂ ಪ್ಯಾರಾಚೂಟಿಗೆ ಎಷ್ಟು ಬರ ಎಂದರೆ, ಜನರಲ್ ಸ್ಲಿಮ್ ಅವರ ಸೇನೆ ಕಲ್ಕತ್ತಾದ ಸೆಣಬಿನಿಂದ ಪ್ಯಾರಾಚೂಟು ಹೊಲಿಸಿತು. ಅಕ್ಕಿ, ಮದ್ದುಗುಂಡು ಕೆಳಗಿಳಿಸಲು ಗೋಣಿಚೀಲದ ನಾರೇ ಗತಿಯಾಯಿತು. 1945ರ ಮೇ 1ರಂದು ರಂಗೂನಿನ ಕೆಳಗೆ ನದಿಯ ಬಾಯಲ್ಲಿ ಗೂರ್ಖಾ ಸೈನಿಕರು ಪ್ಯಾರಾಚೂಟಿನಲ್ಲಿ ಇಳಿದರು. ಮಾರನೇ ದಿನ 26ನೇ ಭಾರತೀಯ ಡಿವಿಷನ್ ಸಮುದ್ರದ ಕಡೆಯಿಂದ ಬಂದಿತು. ಆಗಲೇ ಜಪಾನೀಯರು ಊರು ಬಿಟ್ಟು ಹೋಗಿದ್ದರು. ಅದನ್ನು ಜೈಲಿನಲ್ಲಿದ್ದ ಕೈದಿ ಸೈನಿಕರು ಮಾಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ವಿಮಾನಗಳಿಗೆ ತೋರಿಸಿದ್ದರು!

ಹಾಗಾದರೆ ನಾರ್ಮಂಡಿಗೆ ನಮ್ಮ ಕಡೆಯಿಂದ ಏನೂ ಹೋಗಲಿಲ್ಲವೇ? ಹೋಗಿತ್ತು. ಒಂದು ಕೊಳವೆ. 1912ರಲ್ಲಿ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಪಡೆಯಲ್ಲಿದ್ದ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ ಎಂಬಾತ ಕೊಳವೆಗೆ ಮದ್ದು ತುಂಬಿ, ಒಂದಕ್ಕೊಂದು ಜೋಡಿಸಿ, ಮುಳ್ಳುತಂತಿಯ ಕೆಳಗೆ ದೂರದಿಂದಲೇ ತಳ್ಳಿ ಸಿಡಿಸುವ ಉಪಾಯ ಕಂಡುಹಿಡಿದ. ಹೆಸರು ಬ್ಯಾಂಗಲೂರ್ ಟಾರ್ಪಿಡೊ. ಒಮಾಹಾ ಎಂಬ ತೀರದಲ್ಲಿ ಗುಂಡಿನ ಮಳೆಗೆ ಸಿಕ್ಕ ಅಮೆರಿಕನ್ನರು ತಂತಿ ಕತ್ತರಿಸಿ ದಾರಿ ಮಾಡಿಕೊಂಡದ್ದು ಇದೇ ಕೊಳವೆಯಿಂದ. ಅದು ಹುಟ್ಟಿದ ಪಡೆ ಇವತ್ತಿಗೂ ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲೇ ಇದೆ.

ಓದುವಾಗ ನಮ್ಮನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಇಡೀ ದಾಳಿಯ ಮುಖ್ಯಸ್ಥ ಜನರಲ್ ಐಸೆನ್‌ಹೋವರ್. ಜೂನ್ 5ಕ್ಕೆ ದಿನ ಗೊತ್ತಾಗಿತ್ತು. ಬಿರುಗಾಳಿ ಎದ್ದಿತು, ಒಂದು ದಿನ ಮುಂದೂಡಿದ. ಹವಾಮಾನ ಹೇಳುವ ಸ್ಟ್ಯಾಗ್ ಎಂಬ ಅಧಿಕಾರಿ, ಸ್ವಲ್ಪ ಹೊತ್ತು ಗಾಳಿ ತಗ್ಗುತ್ತದೆ ಅಂದ. ಹುಳು ಹಣ್ಣಾದ ದಿನ ಮೋಡ ಕವಿದರೆ ನಮ್ಮ ಮನೆಗಳಲ್ಲಿ ಯಾರೂ ನಿದ್ದೆ ಮಾಡುವುದಿಲ್ಲ, ಅಲ್ಲವೇ? ಇಲ್ಲಿ ಇದ್ದದ್ದು ಲಕ್ಷಾಂತರ ಜನರ ಜೀವ. ಹೊರಡಿ ಅಂದ. ಆಮೇಲೆ ಒಂಟಿಯಾಗಿ ಕೂತು ಒಂದು ಚೀಟಿ ಬರೆದು ಜೇಬಿನ ಪರ್ಸಿನಲ್ಲಿ ಇಟ್ಟುಕೊಂಡ. ದಾಳಿ ಸೋತರೆ ಓದಬೇಕಾದ ಚೀಟಿ ಅದು. ಸೈನಿಕರು ಮಾಡಬೇಕಾದ್ದೆಲ್ಲ ಮಾಡಿದ್ದಾರೆ, ತಪ್ಪೇನಿದ್ದರೂ ಅದು ನನ್ನೊಬ್ಬನದೇ ಎಂಬರ್ಥದ ನಾಲ್ಕು ಸಾಲು. ಅವಸರದಲ್ಲಿ ಜೂನ್ ಬದಲು ಜುಲೈ ಅಂತ ತಾರೀಖು ಹಾಕಿದ್ದ. ಅದನ್ನು ಓದುವ ಸಂದರ್ಭ ಬರಲಿಲ್ಲ.

ಅಷ್ಟು ದೊಡ್ಡ ಮನುಷ್ಯ ಆಗದೇ ಇದ್ದ ತಪ್ಪಿಗೆ ಮುಂಚೆಯೇ ಹೊಣೆ ಹೊತ್ತ. ನಾವು ಆಗಿಹೋದ ತಪ್ಪನ್ನು ಒಪ್ಪಿಕೊಳ್ಳಲು ಎಷ್ಟೋ ದಿನ ಹಿಂದೆ ಮುಂದೆ ನೋಡಿದೆವು. ಸುದ್ದಿ ಸುಳ್ಳಾದರೆ ಮುಂದೆ ನಮ್ಮನ್ನು ಯಾರು ನಂಬುತ್ತಾರೆ ಎಂಬ ಭಯ.

ಕೊನೆಗೆ ಶಾಲೆಗೆ ಹೋಗಿ ಆ ಹುಡುಗಿಗೆ ವಿಷಯ ಹೇಳಿದೆವು. ಅವಳು ಕೇಳಿದ್ದು ಒಂದೇ ಮಾತು: "ಹಂಗಾದ್ರೆ ಪ್ರೈಜ್ ವಾಪಸ್ ಕೊಡ್ಬೇಕಾ ಸಾರ್?"

ಬೇಡಮ್ಮ, ತಪ್ಪು ನಮ್ಮದು ಅಂದೆವು. ಬ್ಯಾಂಗಲೂರ್ ಟಾರ್ಪಿಡೊ ಕಥೆ ಹೇಳಿ ಬಂದೆವು. ಮುಂದಿನ ಸಲ ಅದರ ಮೇಲೆ ಮಾತಾಡ್ತೀನಿ ಅಂದಿದ್ದಾಳೆ.

ನಿಮ್ಮಲ್ಲೊಂದು ಕೋರಿಕೆ. ನಿಮ್ಮ ಮನೆಯ ಹಳೇ ಟ್ರಂಕಿನಲ್ಲಿ ಯುದ್ಧದ ಕಾಲದ ನೂಲಿನ ರಸೀದಿ, ಲೆಕ್ಕದ ಪುಸ್ತಕ, ಅಜ್ಜನ ಸೇನೆಯ ಕಾಗದ ಏನಾದರೂ ಇದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿ. ಈ ಸಲ ನೋಡಿದ ಮೇಲೆಯೇ ಬರೆಯುತ್ತೇವೆ. ಬರೆಯುವ ಮೊದಲು ತಾತನಿಗೂ ಒಂದು ಸಲ ತೋರಿಸುತ್ತೇವೆ.